ಬೆರ್ಚಪ್ಪನ ಅರ್ಕಾವತ್ತು

ಕ್ಷೌರದಂಗಡಿಯಲ್ಲಿ ಕುತ್ತಿಗೆವರೆಗೆ ಬಿಳಿಬಟ್ಟೆ ಹೊದ್ದು ಕೂತಿದ್ದೆ. ಟಿವಿಯವನು ಅರಚಿದ: "ಬೆಚ್ಚಿಬಿದ್ದ ಬೆಂಗಳೂರು!" ಬೆಂಗಳೂರು ಹೀಗೆ ದಿನಕ್ಕೆರಡು ಸಲವಾದರೂ ಬೀಳುತ್ತದೆ. ಪಕ್ಕದ ಕುರ್ಚಿಯಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದವರ ಮಗ ಕೇಳಿದ: "ಅಪ್ಪಾ, ಬೆಂಗ್ಳೂರು ಬೆಚ್ಚಗಾಯ್ತಾ?" ಕತ್ತರಿಯವನು ನಕ್ಕ. ನನ್ನ ಕಿವಿ ಸ್ವಲ್ಪದರಲ್ಲಿ ಉಳಿಯಿತು.

ಪೋರನದೇನೂ ತಪ್ಪಿಲ್ಲ. ಬೆಚ್ಚಗೆ ಅನ್ನುವುದು ಬೇಯುವ, ಬೇಸಿಗೆಯ ಕುಲದ್ದು. ಬೆಚ್ಚಿಬೀಳುವುದು ಬೇರೆಯೇ ಮನೆತನ. ಅದರ ಹಳೆಯ ಹೆಸರು ಬೆರ್ಚು. ಪೆರ್ಚು ಹೋಗಿ ಹೆಚ್ಚು ಆದಂತೆ ಇದೂ ನಡುವಿನ ರಕಾರವನ್ನು ನುಂಗಿ ಬೆಚ್ಚು ಆಯಿತು. ತೆಲುಗಿನ ವೆರಚು, ತಮಿಳಿನ ವೆರುವು ಇದರ ದಾಯಾದಿಗಳು. ತಮಿಳರ ವೆಳ್ಳಿ ನಮಗೆ ಬೆಳ್ಳಿಯಲ್ಲವೇ, ಹಾಗೆ. ಭಯ ಸಂಸ್ಕೃತದಿಂದ ಬಂತು, ಗಾಬರಿ ಮರಾಠಿ ಕಡೆಯಿಂದ. ನಮ್ಮ ದಿಗಿಲು ತೆಲುಗಿನವರಲ್ಲಿ ದಿಗುಲು, ಅಲ್ಲಿ ಅದು ಚಿಂತೆಯೂ ಹೌದು. ಹೆದರುವುದಕ್ಕೆ ಪದಗಳ ಬರ ನಮಗಂತೂ ಬಂದಿಲ್ಲ.

ಬೆರ್ಚು ನನಗೆ ಮೊದಲು ಸಿಕ್ಕಿದ್ದು 1894ರ ಕಿಟ್ಟೆಲ್ ನಿಘಂಟಿನಲ್ಲಲ್ಲ, ತೀರ್ಥಹಳ್ಳಿ ಕಡೆಯ ಅಜ್ಜನ ಗದ್ದೆಯಲ್ಲಿ. ಅಜ್ಜ ಜಗಲಿಯಲ್ಲಿ ಕೂತು ಬೆರ್ಚಪ್ಪನನ್ನು, ಅಂದರೆ ಬೆದರುಬೊಂಬೆಯನ್ನು, ಕಟ್ಟುತ್ತಿದ್ದರು. ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಬಿದಿರುಗಳ, ಹೊಟ್ಟೆಗೆ ಒಣಹುಲ್ಲು, ತಲೆಗೆ ತೂತುಬಿದ್ದ ಮಡಕೆ. ಮಡಕೆಗೆ ಮಸಿ, ಮಸಿಯ ಮೇಲೆ ಸುಣ್ಣದ ಕಣ್ಣು. ಎಡಗಣ್ಣು ದೊಡ್ಡದಾಯಿತು ಎಂದೆ. "ಇರ್ಲಿ ಬಿಡು, ಹಂದಿ ಏನು ಅಳತೆ ತಗಂಡು ನೋಡ್ತದಾ?" ಅಂದರು.

ಆ ವರ್ಷ ಅವನಿಗೆ ತೊಡಿಸಿದ್ದು ಜೇಬಿನಲ್ಲಿ ಶಾಯಿ ಸೋರಿದ್ದ ನನ್ನ ಶಾಲೆಯ ಅಂಗಿ. ನನಗೆ ಯಾರೂ ಹೇಳಿರಲಿಲ್ಲ. ಮುಸ್ಸಂಜೆ ಗದ್ದೆಯಂಚಿನ ಮೇಲೆ ಬರುತ್ತಿದ್ದೆ. ಪೈರಿನ ನಡುವೆ, ಅದೇ ಶಾಯಿಕಲೆ ಹೊತ್ತು, ಕೈಚಾಚಿ ಒಬ್ಬ ನಿಂತಿದ್ದ. ನಾನು ಬೆಚ್ಚಿದೆ, ಕೆಸರಿಗೆ ಬಿದ್ದೆ; ಎರಡನ್ನೂ ಬೆಂಗಳೂರಿಗಿಂತ ಅಚ್ಚುಕಟ್ಟಾಗಿಯೇ ಮಾಡಿದೆ. "ಎಂತದ ಮಾರಾಯ, ನಿನ್ನಂಗಿ ಕಂಡು ನೀನೇ ಹೆದರ್ಕಂಡ್ಯಾ?" ಎನ್ನುತ್ತ ಅಜ್ಜ ಕೈಕೊಟ್ಟು ಎತ್ತಿದರು. ಮರುದಿನ ನೋಡಿದರೆ ಮಡಕೆಯ ಮೇಲೆ ಕಾಜಾಣವೊಂದು ಕೂತು ಹುಳು ಹಿಡಿಯುತ್ತಿತ್ತು.

ಹೆದರಿಕೆಗೊಂದು 'ಅಪ್ಪ' ಹಚ್ಚಿ ತಿಮ್ಮಪ್ಪ, ಕರಿಯಪ್ಪರ ಸಾಲಿಗೆ ನಿಲ್ಲಿಸಿದ ಪುಣ್ಯಾತ್ಮ ಯಾರೋ! ಹಳಗನ್ನಡ ಕವಿಗಳೊಂದಿಗೇ ಹೋಯಿತೆಂದುಕೊಂಡಿದ್ದ ರಕಾರವನ್ನು ಈ ಮಡಕೆತಲೆಯವನು ಮಳೆಯಲ್ಲಿ ನೆನೆಯುತ್ತಲೇ ಕಾಪಾಡಿಕೊಂಡ. ಹಕ್ಕಿ ಕಾಯಲಾರದಿದ್ದರೂ ಅರ್ಕಾವತ್ತು ಕಾದ.

ಕತ್ತರಿಯವನು ಬಟ್ಟೆ ಬಿಚ್ಚಿ ಕೊಡವಿದ. ಕಿವಿ ಮುಟ್ಟಿ ನೋಡಿಕೊಂಡು ಎದ್ದೆ. ಟಿವಿಯಲ್ಲಿ ಬೆಂಗಳೂರು ಇನ್ನೂ ಬಿದ್ದೇ ಇತ್ತು.