ಕಾಲಡಿಯ ತುಕ್ಕು

ಕೊಡಗಿನಲ್ಲಿ ವಾಹನದ ವಯಸ್ಸನ್ನು ಮಳೆಗಾಲಗಳಿಂದ ಎಣಿಸುವುದು ಲೇಸು. ಜೂನ್ ಮೊದಲುಗೊಂಡು ಸೆಪ್ಟೆಂಬರಿನವರೆಗೆ ಇಲ್ಲಿ ಬಟ್ಟೆ ಒಣಗದು, ಗೋಡೆ ಒಣಗದು. ಕಾರಿನ ಒಡಲಂತೂ ಒಣಗುವುದೇ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುತ್ತದೆ. ಒದ್ದೆ ಚಪ್ಪಲಿ, ತೊಟ್ಟಿಕ್ಕುವ ಕೊಡೆ, ತೋಟದ ಕೆಮ್ಮಣ್ಣು ಎಲ್ಲವೂ ಕಾರಿನ ನೆಲಹಾಸಿನ ಮೇಲೆ ಬಂದು ಸೇರುತ್ತವೆ. ಹಾಸಿನಡಿಯ ಪದರ ನೀರನ್ನು ಹೀರಿ ವಾರಗಟ್ಟಲೆ ಹಿಡಿದಿಡುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಕಬ್ಬಿಣ ಸದ್ದಿಲ್ಲದೆ ಸವೆಯುತ್ತದೆ.

ನಮ್ಮ ಮನೆಯಲ್ಲಿರುವುದು 1992ರ ನವೆಂಬರಿನಲ್ಲಿ ನೋಂದಣಿಯಾದ ಪ್ರೀಮಿಯರ್ ಪದ್ಮಿನಿ, ತೀರ್ಥರೂಪರು ಕೊಂಡದ್ದು. ಇಟಲಿಯ ಫಿಯಟ್ 1100ರ ಮಾದರಿಯಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ ನಿಂತು ಎರಡು ದಶಕಗಳಿಗೂ ಮಿಗಿಲಾಯಿತು. 1988ರ ಮೋಟಾರು ವಾಹನ ಕಾಯ್ದೆಯ 41ನೆಯ ಕಲಮಿನಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಅನಂತರ 5 ವರ್ಷಕ್ಕೊಮ್ಮೆ ವಾಹನವನ್ನು ಅಧಿಕಾರಿಗಳ ಮುಂದೆ ನಿಲ್ಲಿಸಿ ನವೀಕರಿಸಿಕೊಳ್ಳಬೇಕು. ಜನರ ಬಾಯಲ್ಲಿ ಇದಕ್ಕೆ ‘ಎಫ್.ಸಿ. ಮಾಡಿಸುವುದು’ ಎಂದೇ ಹೆಸರು. ನಮ್ಮ ಕಾರಿಗೆ ನಾಲ್ಕನೆಯ ನವೀಕರಣದ ಸರದಿ ಬಂದದ್ದು 2022ರಲ್ಲಿ. ಆ ವರ್ಷದ ಏಪ್ರಿಲ್ 1ರಿಂದ ಇದರ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತ್ತು.

ಅರ್ಜಿ ಹಾಕುವ ಮುನ್ನ ನೆಲಹಾಸನ್ನು ಪೂರ್ತಿ ಕಿತ್ತು ತೆಗೆಸಿದೆ. ಚಾಲಕನ ಕಾಲಡಿಯಲ್ಲಿ ಅಂಗೈ ಅಗಲದ ಒಂದು ತೂತು, ಹಿಂದಿನ ಆಸನದ ಎಡಬದಿಯಲ್ಲಿ ಅದಕ್ಕಿಂತ ದೊಡ್ಡದೊಂದು. ಸ್ಕ್ರೂಡ್ರೈವರಿನಿಂದ ಮೆಲ್ಲನೆ ತಟ್ಟಿದರೆ ಅಂಚುಗಳು ಹಪ್ಪಳದಂತೆ ಮುರಿಯುತ್ತಿದ್ದವು. ಹಿಂದಿನ ಎಡಬದಿಯೆಂದರೆ ಅಮ್ಮ ಸದಾ ಕೂರುವ ಜಾಗ.

ಮೊದಲು ವಿಚಾರಿಸಿದ ಗ್ಯಾರೇಜಿನವರು ಕೆಲಸವನ್ನು ಬಲು ಸುಲಭ ಮಾಡಿಬಿಟ್ಟರು. “ಫೈಬರ್ ಶೀಟ್ ಅಂಟಿಸಿ, ಡಾಂಬರು ಬಳಿದು, ಮೇಲೆ ಹೊಸ ಮ್ಯಾಟ್ ಹಾಸಿ ಕೊಡ್ತೇವೆ ಸಾರ್. ಎರಡು ಸಾವಿರದಲ್ಲಿ ಮುಗೀತದೆ. ಯಾರೂ ಎತ್ತಿ ನೋಡುವುದಿಲ್ಲ.” ಟಿಂಕರಿಂಗ್ ಕೆಲಸದಲ್ಲೇ ತಲೆ ನರೆತ ಇನ್ನೊಬ್ಬ ಹಿರಿಯರು ಕಾರಿನಡಿ ಮಲಗಿ, ಸುತ್ತಿಗೆಯಿಂದ ತಟ್ಟುತ್ತಾ ಅರ್ಧ ಗಂಟೆ ನೋಡಿ, 18,000 ರೂಪಾಯಿ ಆಗುತ್ತದೆ ಎಂದರು. ವ್ಯತ್ಯಾಸವೇಕೆಂದು ಕೇಳಿದ್ದಕ್ಕೆ ಅವರ ಉತ್ತರ ಚಿಕ್ಕದು: “ಅದು ನೋಡುವವರಿಗೆ ಮಾಡುವ ಕೆಲಸ ಸಾರ್, ಇದು ಕೂರುವವರಿಗೆ ಮಾಡುವ ಕೆಲಸ.”

ಮನೆಯಲ್ಲಿ ಚರ್ಚೆಯಾಯಿತು. “ನಮ್ಮ ತೋಟದ ಜೀಪಿಗೆ ನೆಲವೇ ಉಳಿದಿಲ್ಲ ಕಣಯ್ಯಾ, ಅದು ಓಡುತ್ತಿಲ್ಲವೇ?” ಎಂದು ಸೋದರಮಾವ ಕೇಳಿದರು. ಪ್ರಶ್ನೆ ಸಹಜವೇ, ಆದರೆ ಹೋಲಿಕೆ ಸರಿಯಲ್ಲ. ಹಳೆಯ ಜೀಪಿನ ಭಾರವನ್ನು ಹೊರುವುದು ಅದರಡಿಯ ಪ್ರತ್ಯೇಕ ಚಾಸಿಸ್. ಮೇಲಿನ ತಗಡು ಬರಿಯ ಹೊದಿಕೆ. ಪದ್ಮಿನಿಯಂಥ ಕಾರಿಗೆ ಅಂಥ ಬೇರೆ ಚೌಕಟ್ಟಿಲ್ಲ. ನೆಲ, ಬಾಗಿಲ ಕೆಳಗಿನ ಪಟ್ಟಿ, ಕಂಬ, ಚಾವಣಿ ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಅವೇ ಅಸ್ಥಿಪಂಜರವಾಗಿವೆ. ಆಸನವೂ ಸೀಟ್ ಬೆಲ್ಟೂ ಕೊನೆಗೆ ಈ ಒಡಲನ್ನೇ ನಂಬಿಕೊಂಡಿರುತ್ತವೆ. ಡಿಕ್ಕಿಯಾದ ಗಳಿಗೆಯಲ್ಲಿ ಅಂಟಿಸಿದ ಫೈಬರು ಯಾವ ಭಾರವನ್ನೂ ಹೊರದು.

ಇನ್ನೊಂದು ಅಪಾಯವಿದೆ, ಅದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಹೊಗೆಕೊಳವೆ ಸಾಗುವುದು ಇದೇ ನೆಲದ ಕೆಳಗೆ. ಅದರ ಕೀಲು ಸಡಿಲಗೊಂಡರೆ ಇಂಗಾಲದ ಮಾನಾಕ್ಸೈಡ್ ಅನಿಲ ತೂತಿನ ಮೂಲಕ ಒಳಸೇರಬಲ್ಲದು. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಬಲದಿಂದ ಅಂಟಿಕೊಳ್ಳುತ್ತದೆ. ಸಂಪಾಜೆ ಘಾಟಿಯಲ್ಲಿ ಮಳೆಗೆ ಗಾಜುಗಳನ್ನೆಲ್ಲ ಏರಿಸಿಕೊಂಡು ಹೋಗುವಾಗ, ಹಿಂದೆ ಕುಳಿತ ವೃದ್ಧರು ತೂಕಡಿಸಿದರೆ ಅದು ನಿದ್ರೆಯೋ ವಿಷವೋ ಎಂದು ಬಲ್ಲವರಾರು?

ಹಿರಿಯರಿಗೇ ಕೆಲಸ ಒಪ್ಪಿಸಿದೆವು. ಅವರು ಮೊದಲು ಬ್ಯಾಟರಿಯ ತಂತಿ ಕಳಚಿದರು, ಆಸನಗಳನ್ನು ಹೊರತೆಗೆದರು, ಕೆಳಗೆ ಹಾದುಹೋಗುವ ಪೆಟ್ರೋಲ್ ಮತ್ತು ಬ್ರೇಕಿನ ಕೊಳವೆಗಳನ್ನು ಕಿಡಿ ತಾಗದಂತೆ ಸರಿಸಿದರು. ಪಕ್ಕದಲ್ಲಿ ಮರಳಿನ ಬಕೆಟ್ಟು ಇತ್ತು. ತುಕ್ಕು ಹಿಡಿದ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿದಾಗ ಅಂಗೈ ಅಗಲದ ತೂತು ಮೊರದಷ್ಟಾಯಿತು. ತುಕ್ಕಿನ ಸ್ವಭಾವವೇ ಹಾಗೆ, ಕಂಡದ್ದಕ್ಕಿಂತ ಅಡಗಿದ್ದೇ ಹೆಚ್ಚು. ಅನಂತರ 18 ಗೇಜಿನ ತಗಡನ್ನು ಅಳತೆಗೆ ಬಗ್ಗಿಸಿ, ಶಾಖಕ್ಕೆ ಸೊಟ್ಟಗಾಗದಂತೆ ಅಲ್ಲಲ್ಲಿ ಚುಕ್ಕೆಯಿಟ್ಟು, ಆಮೇಲೆ ಸುತ್ತಲೂ ಬೆಸುಗೆ ಹಾಕಿದರು. ಜಿಂಕ್ ಪ್ರೈಮರ್ ಬಳಿದು, ಸಂದುಗಳಿಗೆ ಸೀಲರ್ ತುಂಬಿ, ಅಡಿಗೆ ರಕ್ಷಣಾ ಲೇಪ ಕೊಟ್ಟರು.

ಪರೀಕ್ಷೆಯ ದಿನ ಅಧಿಕಾರಿಗಳು ಚಾಸಿಸ್ ಸಂಖ್ಯೆ, ಬ್ರೇಕು, ದೀಪ, ಹಾರನ್ನುಗಳನ್ನು ನೋಡಿದರು. ಸೌಜನ್ಯದಿಂದಲೇ ಕೆಲಸ ಮುಗಿಸಿದರು. ನೆಲಹಾಸನ್ನು ಎತ್ತಲಿಲ್ಲ. ಮೊದಲ ಗ್ಯಾರೇಜಿನವರ ಭವಿಷ್ಯವಾಣಿ ಅಕ್ಷರಶಃ ನಿಜವಾಯಿತು. 2,000 ರೂಪಾಯಿಯ ಕೆಲಸಕ್ಕೂ ಅದೇ ಪತ್ರ ದೊರೆಯುತ್ತಿತ್ತು. ಹೆಚ್ಚಿಗೆ ತೆತ್ತ 16,000 ರೂಪಾಯಿಯ ಗುರುತು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಆ ಹಣ ವ್ಯರ್ಥವೇ? ಸೋದರಮಾವನವರ ಲೆಕ್ಕದಲ್ಲಿ ಹೌದು. ನನಗೆ ಹಾಗೆ ತೋರುವುದಿಲ್ಲ. ಪರೀಕ್ಷೆ ಮಾಡುವವರಿಗೆ ಒಂದು ದಿನದಲ್ಲಿ ಹತ್ತಾರು ವಾಹನಗಳು. ಅವರ ಕಣ್ಣಿಗೆ ಒಂದು ಮಿತಿಯುಂಟು. ಆ ಮಿತಿಯಾಚೆ ಇರುವುದನ್ನು ಬಲ್ಲವನು ಒಡೆಯನೊಬ್ಬನೇ. ಕಾಯ್ದೆ ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ ತೂರುವೆನೆಂಬ ಜಾಣತನದಿಂದ ಅಧಿಕಾರಿ ಮೋಸಹೋಗುವುದಿಲ್ಲ; ಅವರು ಕಾರಿನಲ್ಲಿ ಕೂರುವವರೇ ಅಲ್ಲ. ಮೋಸಹೋಗುವವರು ನಮ್ಮನ್ನು ನಂಬಿ ಹಿಂದಿನ ಆಸನದಲ್ಲಿ ಕುಳಿತವರು, ಮುಂದೆ ಆ ಕಾರನ್ನು ಕೊಳ್ಳುವವರು. ತಿಳಿದೂ ಮುಚ್ಚಿಟ್ಟ ತೂತಿನಿಂದ ಕೇಡಾದರೆ ಅದನ್ನು ಆಕಸ್ಮಿಕವೆನ್ನಲು ಬಾಯಿ ಬರುವುದೇ?

ಹಳೆಯ ಕಾರನ್ನು ಇಷ್ಟು ಮಮತೆಯಿಂದ ಉಳಿಸಿಕೊಳ್ಳುವುದೇ ಒಂದು ಮೋಹವಲ್ಲವೇ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ತುಕ್ಕು ಮುಖ್ಯ ತೊಲೆಗಳನ್ನು ಮುಟ್ಟಿದ್ದರೆ ಗುಜರಿಗೆ ಒಪ್ಪಿಸುವುದೇ ಧರ್ಮ. ಅದಕ್ಕೆಂದು ನೋಂದಾಯಿತ ಕೇಂದ್ರಗಳ ನಿಯಮಗಳು 2021ರಲ್ಲೇ ಜಾರಿಗೆ ಬಂದಿವೆ. ಇಟ್ಟುಕೊಳ್ಳುವುದಾದರೆ ಪೂರ್ತಿ ದುರಸ್ತಿ ಮಾಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು. ಬಳಿದು ಮುಚ್ಚುವ ಮೂರನೆಯ ದಾರಿ ದಾರಿಯಲ್ಲ.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಹಳೆಯ ಕಾರುಗಳಿವೆ. ಬಸದಿಗಳ ಟ್ರಸ್ಟುಗಳಲ್ಲಿ ವೃದ್ಧರನ್ನೂ ಮಕ್ಕಳನ್ನೂ ಶ್ರವಣಬೆಳಗೊಳದವರೆಗೆ ಕರೆದೊಯ್ಯುವ ವ್ಯಾನುಗಳಿವೆ. ಮೇ ತಿಂಗಳ ಬಿಸಿಲಿರುವಾಗಲೇ ಅವುಗಳ ನೆಲಹಾಸನ್ನು ಹೊರತೆಗೆದು ಒಣಗಿಸಿ, ನೀರು ಹರಿಯುವ ರಂಧ್ರಗಳ ಮಣ್ಣನ್ನು ತೆಗೆಸಿ, ಒಮ್ಮೆ ಕೆಳಗಿನಿಂದಲೂ ನೋಡಿಸಬೇಕಾಗಿ ವಿನಂತಿ. ಪರೀಕ್ಷೆಯ ದಿನಾಂಕ ಬರಲೆಂದು ಕಾಯಬೇಕಾಗಿಲ್ಲ.