ಮೈಗೊಪ್ಪುವ ಬಣ್ಣ

‘ನಿನಗೆ ಇದು ಒಪ್ಪಲ್ಲ’ ಅನ್ನುವ ಮಾತನ್ನು ನಮ್ಮ ಕೇರಿಯವರು ಕೇಳಿದಷ್ಟು ಬೇರೆ ಯಾರೂ ಕೇಳಿರಲಾರರು. ನಮ್ಮ ಮಟ್ಟಿಗೆ ಅದರ ಅರ್ಥ ಚೆನ್ನಾಗಿ ಕಾಣಲ್ಲ ಅಂತಲ್ಲ, ನಿನಗೆ ಹಕ್ಕಿಲ್ಲ ಅಂತ. ಚಂಡಾಲರು ಊರ ಹೊರಗಿರಬೇಕು, ಹೆಣದ ಮೇಲಿನ ಬಟ್ಟೆ ಉಡಬೇಕು ಅಂತ ಕಟ್ಟಳೆ ಬರೆದದ್ದು ಮನುಸ್ಮೃತಿಯ 10ನೆಯ ಅಧ್ಯಾಯ. ಬಾಬಾಸಾಹೇಬರ ಮುಂದಾಳ್ತನದಲ್ಲಿ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅದನ್ನು ಸುಟ್ಟರು. ಅದೇ ಸಮ್ಮೇಳನದ ದಿನಗಳಲ್ಲಿ ಅಲ್ಲಿ ನೆರೆದಿದ್ದ ಹೆಂಗಸರಿಗೆ ಬಾಬಾಸಾಹೇಬರು ಸೀರೆಯ ಮಾತು ಹೇಳಿದರು: ನೋಡಿದ ಕೂಡಲೇ ಜಾತಿ ಗೊತ್ತಾಗುವ ಹಾಗೆ ಉಡುವುದನ್ನು ಬಿಡಿ ಅಂತ. ಬಟ್ಟೆ ಸಣ್ಣ ವಿಷಯ ಅನ್ನುವ ಗೆಳೆಯರು ಇದನ್ನು ನೆನೆಯಲಿ.

ನಮ್ಮ ತಾತ ಜೀತಕ್ಕಿದ್ದ. ಅಪ್ಪ ಹುಡುಗನಾಗಿದ್ದಾಗ ತೊಟ್ಟದ್ದೆಲ್ಲ ಆ ಮನೆಯ ಮಕ್ಕಳು ತೊಟ್ಟು ಬಿಟ್ಟದ್ದೇ. ಅಂಗಿಯ ಮೂಲ ಬಣ್ಣ ಯಾವುದು ಅಂತ ತಿಳಿಯಬೇಕಾದರೆ ಹೊಲಿಗೆಯ ಒಳಮಡಿಕೆ ಬಿಚ್ಚಿ ನೋಡಬೇಕಿತ್ತಂತೆ. ಬಣ್ಣ ಆರಿಸಿಕೊಳ್ಳುವ ಪಾಡು ನಮ್ಮ ಮನೆಗೆ ಬಂದದ್ದು ನನ್ನ ಕಾಲಕ್ಕೆ, ನಾನು ಡಿಗ್ರಿಗೆ ಸೇರಿದ ಮೇಲೆ. ಹಳದಿ ಅಂಗಿ ಹಾಕಿಕೊಂಡು ಹೋದ ದಿನ ಜೊತೆಯವನೊಬ್ಬ, ‘ಕಪ್ಪಗಿರೋರು ಮಾಸಲು ಬಣ್ಣ ಹಾಕ್ಬೇಕು ಕಣೋ, ಎದ್ದು ಕಾಣಬಾರ್ದು’ ಅಂತ ಬುದ್ಧಿ ಹೇಳಿದ. ಎದ್ದು ಕಾಣಬಾರದು! ಹಳೇ ಕಟ್ಟಳೆ, ಹೊಸ ಬಾಯಿ.

ನಮ್ಮವ್ವನಿಗೆ ಓದು ಬರಹ ಬಾರದು, ಆದರೆ ಬಣ್ಣದ ವಿಷಯದಲ್ಲಿ ಅವಳೇ ನನಗೆ ಮೇಷ್ಟ್ರು. ‘ಅಂಗಡಿ ದೀಪ ಸುಳ್ಳು ಹೇಳ್ತದೆ ಕಣ್ಲಾ, ಬಿಸ್ಲಿಗೆ ತಂದು ನೋಡು’ ಅನ್ನುತ್ತಾಳೆ. ಬಟ್ಟೆಯನ್ನು ಗದ್ದದ ಕೆಳಗೆ ಹಿಡಿಸಿ, ಬಟ್ಟೆ ನೋಡದೆ ಮುಖ ನೋಡುತ್ತಾಳೆ. ‘ಬಟ್ಟೆ ಚಂದಾಗಿ ಕಂಡ್ರೆ ಏನ್ ಬಂತು? ಮೊಕ ಚಂದಾಗಿ ಕಾಣ್ಬೇಕು.’ ಆಮೇಲೆ ಒಂದು ಮೂಲೆ ಒದ್ದೆ ಮಾಡಿ ಬಿಳೀ ಬಟ್ಟೆಗೆ ಉಜ್ಜಿ, ಬಣ್ಣ ಬಿಡುತ್ತದೋ ಇಲ್ಲವೋ ನೋಡುತ್ತಾಳೆ. ಹೀಗೆ ನೋಡಿ ನೋಡಿ ನನಗೆ ತಿಳಿಯಿತು: ಹುಚ್ಚೆಳ್ಳು ಹೂವಿನ ಹಳದಿ, ದಾಸವಾಳದ ಕೆಂಪು, ಅಚ್ಚ ಬಿಳಿ, ಇವು ನನ್ನ ಕಪ್ಪು ಮುಖಕ್ಕೆ ದೀಪ ಹಚ್ಚುತ್ತವೆ. ಬೂದಿ ಬಣ್ಣ ಇದ್ದ ಕಳೆಯನ್ನೂ ಆರಿಸುತ್ತದೆ. ಜೊತೆಯವನು ಹೇಳಿದ್ದಕ್ಕೆ ತಿರುಗುಮುರುಗು.

ಊರು ಹೇಳುತ್ತಿದ್ದುದನ್ನು ಈಗ ಪೇಟೆ ಹೇಳುತ್ತದೆ. ಪ್ಯಾಂಟೋನ್ ಎಂಬ ಅಮೆರಿಕದ ಕಂಪನಿ 2000ದಿಂದ ವರ್ಷಕ್ಕೊಂದು ಬಣ್ಣವನ್ನು ‘ವರ್ಷದ ಬಣ್ಣ’ ಅಂತ ಸಾರುತ್ತಿದೆ. 2020ಕ್ಕೆ ನೀಲಿ, 2024ಕ್ಕೆ ಪೀಚ್ ಹಣ್ಣಿನ ಬಣ್ಣ, 2025ಕ್ಕೆ ಕಂದು. ನಮ್ಮ ಪೇಟೆಯ ಅಂಗಡಿಯವನೂ ‘ಈ ಸೀಜನ್‌ಗೆ ಇದೇ ಓಡ್ತಿರೋದು’ ಅನ್ನುತ್ತಾನೆ. ಹೋದ ವರ್ಷದ ಅಂಗಿ ಹರಿದಿಲ್ಲ, ಬಣ್ಣ ಬಿಟ್ಟಿಲ್ಲ, ಆದರೂ ಹಳತಂತೆ. ಕೂಲಿ ದುಡ್ಡಲ್ಲಿ ಅಂಗಿ ತರುವವರು ಈ ಆಟಕ್ಕೆ ಎಷ್ಟು ಸಲ ಜೇಬು ಬರಿದು ಮಾಡಬೇಕು?

ಇನ್ನೊಂದು ತಮಾಷೆ ನೋಡಿ. ಕಂದು ಬಣ್ಣ ಬಟ್ಟೆಯ ಮೇಲೆ ಬಂದರೆ ಫ್ಯಾಷನ್ನು, ನಮ್ಮ ಮೈಮೇಲಿದ್ದರೆ ತೊಳೆಯಬೇಕಾದ ಕೊಳೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಹೆಣ್ಣು ನೋಡಲು ಬರುವವರ ಕಣ್ಣು ಬದಲಾಯಿತೇ?

2020ರ ಆ ನೀಲಿ ಪೇಟೆಯಲ್ಲಿ ಒಂದು ವರ್ಷ ಮೆರೆದು ಹೋಯಿತು. ನಮ್ಮ ಕೇರಿಗಳಲ್ಲಿ ಬಾಬಾಸಾಹೇಬರ ಕೋಟಿನ ನೀಲಿ ಯಾವ ಕಂಪನಿಯನ್ನೂ ಕೇಳಿ ಬಂದದ್ದಲ್ಲ, ಕೇಳಿ ಹೋಗುವುದೂ ಇಲ್ಲ. ಹಾಗಂತ ನೀಲಿಯನ್ನೂ ಕಟ್ಟಳೆ ಮಾಡೋದು ಬೇಡ. ಮೆರವಣಿಗೆಯಲ್ಲಿ ಹೆಗಲ ಮೇಲೆ ನೀಲಿ ಶಾಲು ಇರಲಿ, ಅದರ ಕೆಳಗಿನ ಅಂಗಿಯ ಬಣ್ಣವನ್ನು ಅವರವರೇ ಆರಿಸಲಿ. ಊರಿನ ಅಪ್ಪಣೆ ಮುರಿದವರು ಪೇಟೆಯ ಅಪ್ಪಣೆಗೆ ತಲೆ ಬಾಗಿಸಬಾರದು, ನಮ್ಮದೇ ಸಂಘಟನೆಯ ಅಪ್ಪಣೆಗೂ ಬಾಗಿಸಬಾರದು.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಮಾತು. ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುವ ಕಪ್ಪು ಹುಡುಗಿ ಕೆಂಪು ಲಂಗ ಬೇಕು ಅಂದರೆ ‘ನಿನಗೆ ಒಪ್ಪಲ್ಲ’ ಅನ್ನಬೇಡಿ, ಹಿಂದಿನ ಸಾಲಿಗೂ ತಳ್ಳಬೇಡಿ. ಬಿಸಿಲಿಗೆ ಕರೆದು ಕೈಗೊಂದು ಕನ್ನಡಿ ಕೊಡಿ. ಒಪ್ಪುತ್ತದೋ ಇಲ್ಲವೋ, ಅವಳೇ ಹೇಳಲಿ.