ಬೇಲಿಯ ಹೂವು, ಹಕ್ಕಿಯ ಹಣ್ಣು



ನವೆಂಬರ್ 2 ಹತ್ತಿರ ಬಂತು. ಸಮಾಧಿಗಳಿಗೆ ಯಾರ ಮನೆಯಿಂದ ಎಷ್ಟು ಹೂವು ಎಂದು ಪಟ್ಟಿ ಮಾಡುವ ಕೆಲಸ ಎಂದಿನಂತೆ ನಮ್ಮ ಯುವಜನರ ಪಾಲಿಗೆ ಬಂದಿದೆ. ಅವಲಾಂಚ್ ಕಡೆ ಈಗ ಹೂವಿಗೆ ಬರವಿಲ್ಲ. ಅಂಗಳದಲ್ಲಿ ಡೇರೆ, ಸೇವಂತಿಗೆ, ಚೆಂಡು ಹೂ. ನೀರು ನಿಲ್ಲುವ ತಗ್ಗಿನಲ್ಲಿ ಬಿಳಿ ಲಿಲ್ಲಿ. ಬೇಲಿಯ ಮೇಲೆ ಗುಲಾಬಿ ಬಣ್ಣದ ಹೂ ತೂಗುವ ಪ್ಯಾಶನ್ ಫ್ರೂಟ್ ಬಳ್ಳಿ.

ಕ್ಯಾಲೆಂಡರಿನ ಚಿತ್ರಗಳಲ್ಲಿ ಈ ತಿಂಗಳಿಗೆ ಕೆಂಪು ಎಲೆ ಉದುರುತ್ತಿರುತ್ತದೆ. ನಮ್ಮಲ್ಲಿ ಹಿಂಗಾರು ಮಳೆ. ಶೋಲಾ ಕಾಡಿನ ಮರಗಳು ಒಮ್ಮೆಲೇ ಎಲೆ ಉದುರಿಸಿ ಬೋಳಾಗುವುದಿಲ್ಲ. ಅಲ್ಲಿ ಕೆಂಪು ಕಂಡರೆ ಅದು ಹೆಚ್ಚಾಗಿ ಚಿಗುರು. ಎಳೆ ಎಲೆಗೆ ಆ ಬಣ್ಣ ಕೊಡುವುದು ಆಂಥೋಸಯಾನಿನ್. ಎಲೆ ಬಲಿತಂತೆ ಹಸಿರಾಗುತ್ತದೆ. ಬೇರೆ ದೇಶದಲ್ಲಿ ಮುಪ್ಪಿನ ಬಣ್ಣವಾಗಿರುವುದು ನಮ್ಮ ಕಾಡಿನಲ್ಲಿ ಎಳೆತನದ ಬಣ್ಣ. (ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತು ಎಂದು ಮನೆಯಲ್ಲಿ ನಗುತ್ತಾರೆ.)

ಈ ಸಲ ಪಟ್ಟಿ ಮಾಡುವಾಗ ತಕರಾರು ಎದ್ದದ್ದು ಒಂದು ಹೂವಿನ ಬಗ್ಗೆ. ಕಿತ್ತಳೆ ಬಣ್ಣದ, ಸಣ್ಣ ಕೊಳವೆಯಂಥ ಹೂವಿನ ಗೊಂಚಲು. ಪುಸ್ತಕದಲ್ಲಿ ಅದರ ಹೆಸರು ಸೆಸ್ಟ್ರಮ್, ನಮ್ಮ ರಾತ್ರಿರಾಣಿಯ ಹತ್ತಿರದ ನೆಂಟ. ಮಧ್ಯ ಅಮೆರಿಕದಿಂದ ತೋಟದ ಅಂದಕ್ಕೆಂದು ಬಂದ ಗಿಡ. ಹೂವಾದ ಮೇಲೆ ಬಿಳಿಯ, ರಸ ತುಂಬಿದ ಪುಟ್ಟ ಹಣ್ಣು ಬಿಡುತ್ತದೆ. ಹಕ್ಕಿಗಳು ಅದನ್ನು ತಿಂದು ಶೋಲಾದ ಅಂಚಿನಲ್ಲಿ ಬೀಜ ಹಾಕುತ್ತವೆ. ಅಲ್ಲಿ ಅದು ದಟ್ಟ ಪೊದೆಯಾಗಿ ಬೆಳೆದರೆ ಕೆಳಗೆ ಶೋಲಾ ಮರಗಳ ಸಸಿಗಳಿಗೆ ಬೆಳಕೇ ಸಿಗುವುದಿಲ್ಲ. ಹಳೇ ಮರಗಳು ನಿಂತಿರುತ್ತವೆ, ಅವುಗಳ ಮಕ್ಕಳು ಮಾತ್ರ ಇರುವುದಿಲ್ಲ. ಇಂಥ ಸಸ್ಯಗಳನ್ನು ತೆಗೆದು ಕಾಡನ್ನು ಮತ್ತೆ ಬೆಳೆಸಲು ತಮಿಳುನಾಡು ಸರ್ಕಾರ 2022ರಲ್ಲಿ ಒಂದು ನೀತಿಯನ್ನೇ ತಂದಿದೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೊರಟರೆ ಮೆಕ್ಸಿಕೋದ ಡೇರೆಯೂ ಹೋಗಬೇಕು, ನಮಗೆ ಅನ್ನ ಕೊಡುವ ಆಲೂಗಡ್ಡೆಯೂ ಹೋಗಬೇಕು. ಡೇರೆ ನೆಟ್ಟ ಜಾಗದಲ್ಲೇ ಇರುತ್ತದೆ, ಆಲೂಗಡ್ಡೆ ಪಾತಿ ಬಿಟ್ಟು ಕಾಡಿಗೆ ಹೋಗುವುದಿಲ್ಲ. ಸೆಸ್ಟ್ರಮ್ ಹೋಗುತ್ತದೆ. ಹೂವನ್ನು ನೋಡಿ ತೀರ್ಮಾನ ಮಾಡುವುದಕ್ಕಿಂತ ಹಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ಸರಿ ಅನ್ನಿಸಿತು.

ಆ ಬೇಲಿ ನಮ್ಮಲ್ಲೊಬ್ಬರ ಅಜ್ಜಿಯದು. ಸಮಾಧಿಗೆ ಪ್ರತಿ ವರ್ಷ ಹೆಚ್ಚು ಹೂವು ಬರುವುದೂ ಆ ಮನೆಯಿಂದಲೇ. ತೀರಿಹೋದ ತಾತ ಕಡ್ಡಿ ತಂದು ಊರಿ ಬೆಳೆಸಿದ್ದು. ನಾವು ಹೋಗಿ ಶೋಲಾದ ಕಥೆ ಹೇಳಿದಾಗ ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇದಕ್ಕೆ ದನ ಬಾಯಿ ಹಾಕಲ್ಲ ಕಣ್ರೋ, ಅದಕ್ಕೇ ನಿಮ್ ತಾತ ಇದನ್ನ ಹಾಕಿದ್ದು. ಬೇಲಿ ಕಿತ್ತ ಮೇಲೆ ರಾತ್ರಿ ಕಾಟಿ ಕ್ಯಾರೆಟ್ ಪಾತಿಗೆ ಇಳಿದರೆ ಕಾಯೋಕೆ ನೀವು ಬರ್ತೀರಾ?" ಎಂದರು.

ಉತ್ತರ ನಮ್ಮ ಬಳಿ ಇರಲಿಲ್ಲ. ಅಜ್ಜಿ ಹೇಳಿದ್ದು ನಿಜ. ಸೆಸ್ಟ್ರಮ್ ಜಾತಿಯ ಗಿಡಗಳು ದನಕ್ಕೆ ವಿಷ. ಒಂದು ರಾತ್ರಿ ಕಾಟಿ ಹಿಂಡು ನುಗ್ಗಿದರೆ ಮೂರು ತಿಂಗಳ ದುಡಿಮೆ ಹೋಯಿತು. ಕಾಡು ಉಳಿಯಲಿ ಎನ್ನುವುದು ನಮಗೆ ಸುಲಭ. ಅದರ ಖರ್ಚು ಅಜ್ಜಿಯ ಪಾತಿಯ ಮೇಲೆ ಬೀಳುತ್ತದೆ.

ಎರಡನೇ ಸಲ ಹೋದಾಗ ಒಂದು ಒಪ್ಪಂದವಾಯಿತು. ಈ ವರ್ಷ ಬೇಲಿಯ ಹೂವನ್ನೆಲ್ಲ, ಒಂದು ಗೊಂಚಲೂ ಬಿಡದೆ, ಕಾಯಿ ಕಟ್ಟುವ ಮೊದಲೇ ಕೊಯ್ದು ಸಮಾಧಿಗಳಿಗೆ ತರುತ್ತೇವೆ. ಕಾಡಿನ ಕಡೆಯ ಸಾಲನ್ನು ಮಾತ್ರ ಕೀಳುತ್ತೇವೆ. ಬರೀ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಆದ್ದರಿಂದ ಬೇರು ಸಮೇತ ತೆಗೆಯಬೇಕು. ಆ ಜಾಗಕ್ಕೆ ಮೊದಲು ತಂತಿ ಬೇಲಿ, ಆಮೇಲೆ ಗುದ್ದಲಿ. ಈ ಕ್ರಮ ಅಜ್ಜಿಯದು. ತಂತಿಗೆ ಹಣ ಸೇರಿಸುವುದು ನಮ್ಮ ಪಾಲು.

ಆದ್ದರಿಂದ ಶನಿವಾರ ಬೆಳಿಗ್ಗೆ ಬರುವವರು ಕತ್ತರಿ, ಕೈಗವಸು ತನ್ನಿ. ಮಕ್ಕಳು ಆ ಬಿಳಿ ಹಣ್ಣನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಕಾಡಿನಿಂದ ಯಾವ ಹೂವನ್ನೂ ಕೀಳಬೇಡಿ. ನಿಮ್ಮ ಮನೆಯಲ್ಲಿ ಡೇರೆ, ಸೇವಂತಿಗೆ ಇದ್ದರೆ ಮುಂಚಿತವಾಗಿ ತಿಳಿಸಿ. ಮುಂದಿನ ವರ್ಷದ ಪಟ್ಟಿಯಲ್ಲಿ ಅಜ್ಜಿಯ ಬೇಲಿ ಅರ್ಧವೇ ಇರುತ್ತದೆ.